ಸರ್ವರ್ ಬಿದ್ದಾಗ ಮೊದಲು ಪೆನ್ನು ಹುಡುಕಿ

ಕೋಪರಖೈರಣೆಯ ಒಂದು ಸಣ್ಣ ಲೆಕ್ಕಪತ್ರದ ಆಫೀಸನ್ನು ಕಣ್ಣ ಮುಂದೆ ತಂದುಕೊಳ್ಳಿ. ಆರೇಳು ಕಂಪ್ಯೂಟರ್, ಮೂಲೆಯಲ್ಲಿ ಒಂದು ಫೈಲ್ ಸರ್ವರ್. ಗಿರಾಕಿಗಳ ಟ್ಯಾಲಿ ಲೆಕ್ಕ, ಹತ್ತು ವರ್ಷದ ಬ್ಯಾಲೆನ್ಸ್ ಶೀಟು ಎಲ್ಲವೂ ಅದರ ಹೊಟ್ಟೆಯಲ್ಲಿ. ಜುಲೈ ತಿಂಗಳು, ರಿಟರ್ನ್ ಸಲ್ಲಿಸುವ ಗಡಿಬಿಡಿ, ಹೊರಗೆ ಧೋ ಎಂದು ಮಳೆ. ಕರೆಂಟು ಹೋಗಿ ಬರುತ್ತದೆ. ಆಮೇಲೆ ಯಾರ ಕಂಪ್ಯೂಟರಿನಲ್ಲೂ ಆ ಫೋಲ್ಡರ್ ಕಾಣುವುದಿಲ್ಲ. ಸರ್ವರಿನಲ್ಲಿ ನೀಲಿ ಪರದೆ!

ಮತ್ತೆ ಮತ್ತೆ ಬಟನ್ ಒತ್ತಬೇಡಿ. ಮೊದಲು ಪರದೆಯಲ್ಲಿರುವ ಕೋಡನ್ನೋ ಹೆಸರನ್ನೋ ಬರೆದುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ರೋಗಿಯ ನಾಡಿ ಅದೇ. ಕೋಡಿನ ಕೊನೆಗೆ 7ಬಿ ಇದ್ದರೆ ವಿಂಡೋಸ್‌ಗೆ ತಾನು ಏಳಬೇಕಾದ ಡಿಸ್ಕೇ ಸಿಗುತ್ತಿಲ್ಲ. ಕೇಬಲ್ ಸಡಿಲವಾಗಿರಬಹುದು, ಡ್ರೈವರ್ ಕೆಟ್ಟಿರಬಹುದು. 24 ಇದ್ದರೆ ಡಿಸ್ಕಿನ ಫೈಲ್ ವ್ಯವಸ್ಥೆಯ ಮೇಲೆ ಅನುಮಾನ. 50 ಆದರೆ ರ್‍ಯಾಮ್, ಇಲ್ಲವೇ ಹೊಸದಾಗಿ ಹಾಕಿದ ಯಾವುದೋ ಸಾಫ್ಟ್‌ವೇರ್.

ಈ 50ರ ಕತೆ ನೆನಪಿದೆಯೇ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ಒಂದು ತಪ್ಪು ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಬೀಳಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಪರಿಹಾರ? ಸೇಫ್ ಮೋಡ್‌ನಲ್ಲಿ ಎಬ್ಬಿಸಿ ಒಂದೇ ಒಂದು ಫೈಲ್ ಅಳಿಸುವುದು. ಡಿಸ್ಕಿನ ಮಾಹಿತಿಗೆ ಏನೂ ಆಗಿರಲಿಲ್ಲ. ಆದರೆ ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆ 48 ಅಂಕಿಯ ಕೀಲಿ ಬೇಕಾಯಿತು. ಕೆಲವರ ಕೀಲಿ ಇದ್ದದ್ದು ಬಿದ್ದುಹೋದ ಸರ್ವರಿನೊಳಗೇ! ನಿಮ್ಮದನ್ನು ಕಾಗದದಲ್ಲಿ ಬರೆದು ಕಪಾಟಿನಲ್ಲಿಡಿ.

ಅಂದರೆ ಆಪರೇಟಿಂಗ್ ಸಿಸ್ಟಂ ಸತ್ತರೆ ಲೆಕ್ಕಪತ್ರವೂ ಸತ್ತಿತೆಂದಲ್ಲ. ಹೆಚ್ಚಿನ ಸಲ ಅದನ್ನು ಕೊಲ್ಲುವುದು ಆಮೇಲಿನ ನಮ್ಮ ಅವಸರ. ರಿಪೇರಿಗೆ ಬಂದ ಹುಡುಗ "ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡ್ತೀನಿ ಸಾರ್" ಅಂದರೆ ತಡೆಯಿರಿ. ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ತಕ್ಷಣ ಬಂದ್ ಮಾಡಿ, ಡೇಟಾ ರಿಕವರಿ ಬಲ್ಲವರಿಗೆ ಕೊಡಿ. ಸದ್ದಿಲ್ಲದಿದ್ದರೆ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಮೊದಲು ನಕಲು ತೆಗೆಯಲಿ. ಚೆಕ್‌ಡಿಸ್ಕ್ ಓಡಿಸುವುದು ಅದಾದ ಮೇಲೆ, ಏಕೆಂದರೆ ಅದು ಡಿಸ್ಕಿನ ಮೇಲೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಆ ಶ್ರಮ ತಡೆಯದು. ಎರಡು ಡಿಸ್ಕಿನ ರೇಡ್ ಇದ್ದರೆ ಯಾವುದು ಯಾವ ಸ್ಲಾಟಿನಲ್ಲಿತ್ತು ಎಂದು ಗುರುತು ಹಾಕದೆ ಎಳೆಯಬೇಡಿ. "ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ" ಎನ್ನುವವರೂ ಇದ್ದಾರೆ. ಒಂದರಲ್ಲಿ ಅಳಿಸಿದ ಫೈಲ್ ಮರುಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ, ಸ್ವಾಮಿ!

ಲಿನಕ್ಸ್‌ನಲ್ಲಿ ಸಾಂಬಾ ಇಟ್ಟುಕೊಂಡವರಿಗೂ ಕ್ರಮ ಇದೇ. ಅಲ್ಲಿ ನೀಲಿ ಪರದೆಯ ಬದಲು ಕರ್ನೆಲ್ ಪ್ಯಾನಿಕ್.

ಇನ್ನು ನಮ್ಮೂರಿನ ಕರೆಂಟು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿ, ಠಾಣೆ, ನವಿ ಮುಂಬಯಿ ಒಟ್ಟಿಗೇ ಕತ್ತಲಾದದ್ದು ಮರೆತಿಲ್ಲ ತಾನೇ? ಅಂಥ ಹೊತ್ತಿಗೆಂದೇ ಯುಪಿಎಸ್. ಆದರೆ ಅದರ ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನಾಗಿ ಮಲಗಬೇಕಾದರೆ, ಯುಪಿಎಸ್‌ನಿಂದ ಸರ್ವರಿಗೆ ಒಂದು ಯುಎಸ್‌ಬಿ ಕೇಬಲ್ ಹೋಗಬೇಕು, ಅದರ ಸಾಫ್ಟ್‌ವೇರೂ ಇರಬೇಕು. ಆ ಕೇಬಲ್ ಎಷ್ಟೋ ಕಡೆ ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದೆ ಡ್ರಾಯರಿನಲ್ಲೇ ಇರುತ್ತದೆ. ನಾಳೆ ಆಫೀಸಿಗೆ ಹೋದಾಗ ಒಮ್ಮೆ ಡ್ರಾಯರ್ ತೆಗೆದು ನೋಡಿ.