ಜೊತೆಗಾರ ಬದಲಾದರೆ ಆಜ್ಞೆಯೂ ಬದಲು

ಮನುಷ್ಯನ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವ ಡಿಎನ್‌ಎ ಒಂದೇ ಆಗಿದ್ದರೂ, ನರಕೋಶ ಇನ್ಸುಲಿನ್ ತಯಾರಿಸುವುದಿಲ್ಲ, ಮೇದೋಜೀರಕ ಗ್ರಂಥಿಯ ಕೋಶ ಪ್ರತಿಕಾಯಗಳನ್ನು ಸ್ರವಿಸುವುದಿಲ್ಲ. ಪ್ರೋಟೀನ್‌ಗಳ ತಯಾರಿಕೆಗೆ ಸೂಚನೆ ಹೊತ್ತಿರುವ ಸುಮಾರು 20,000 ವಂಶವಾಹಿಗಳಲ್ಲಿ ಯಾವ ಕೋಶ ಯಾವುದನ್ನು, ಯಾವ ಹೊತ್ತಿನಲ್ಲಿ, ಎಷ್ಟರಮಟ್ಟಿಗೆ ಬಳಸಬೇಕೆಂದು ತೀರ್ಮಾನಿಸುವುದರಲ್ಲಿ ಪ್ರತಿಲೇಖನ ಅಂಶಗಳ, ಅಂದರೆ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್‌ಗಳ ಪಾತ್ರ ಬಹಳ ದೊಡ್ಡದು. ವಂಶವಾಹಿಯಲ್ಲಿರುವ ಮಾಹಿತಿಯನ್ನು ಆರ್‌ಎನ್‌ಎ ರೂಪಕ್ಕೆ ನಕಲು ಮಾಡುವ ಕ್ರಿಯೆಗೆ ಪ್ರತಿಲೇಖನ ಎಂದು ಹೆಸರು. ಡಿಎನ್‌ಎ ಎಳೆಯ ಮೇಲೆ ಹತ್ತಾರು ಅಕ್ಷರಗಳನ್ನು ಮೀರದ ಪುಟ್ಟ ಅನುಕ್ರಮವೊಂದನ್ನು ಗುರುತಿಸಿ, ಅಲ್ಲಿ ಅಂಟಿಕೊಂಡು, ನಕಲು ಮಾಡುವ ಕಿಣ್ವವನ್ನು ಬರಮಾಡಿಕೊಳ್ಳುವುದು ಇಲ್ಲವೇ ದೂರವಿಡುವುದು ಈ ಪ್ರೋಟೀನ್‌ಗಳ ಕೆಲಸ. ಮನುಷ್ಯರಲ್ಲಿ ಇಂತಹವು ಸುಮಾರು 1,600 ಇವೆ. ಇವನ್ನು ವಂಶವಾಹಿಯ ಸ್ವಿಚ್ಚುಗಳೆಂದು ವರ್ಣಿಸುವುದು ರೂಢಿಯಾದರೂ ಆ ಹೋಲಿಕೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ, ಏಕೆಂದರೆ ಒಂದೇ ಅಂಶ ಒಬ್ಬ ಜೊತೆಗಾರನೊಂದಿಗೆ ಕೂಡಿದಾಗ ವಂಶವಾಹಿಯನ್ನು ಚಾಲೂ ಮಾಡಿ, ಮತ್ತೊಬ್ಬನೊಂದಿಗೆ ಕೂಡಿದಾಗ ಅದೇ ವಂಶವಾಹಿಯ ಬಾಯಿ ಕಟ್ಟಬಲ್ಲದು.

ಈ ಸಂಗತಿ ರೋಗನಿರೋಧಕ ಕೋಶಗಳಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಡೆ ಕಾಣುವುದು ಅಪರೂಪ. ಸೋಂಕು ತಗುಲಿದ ನಿಮಿಷಗಳಲ್ಲೇ ಎಚ್ಚೆತ್ತು, ನೂರಾರು ವಂಶವಾಹಿಗಳನ್ನು ಕೆಲಸಕ್ಕೆ ಹಚ್ಚಿ, ಅಪಾಯ ಕಳೆದ ಮೇಲೆ ಅವೆಲ್ಲವನ್ನೂ ಸುಮ್ಮನಾಗಿಸಬೇಕಾದ ಹೊಣೆ ಈ ಕೋಶಗಳದು. ಸುಮ್ಮನಾಗಿಸುವ ಹಂತ ತಪ್ಪಿದರೆ ರಕ್ಷಣೆಗೆ ನಿಂತ ಸೇನೆಯೇ ದೇಹದ ಮೇಲೆ ತಿರುಗಿಬೀಳುತ್ತದೆ.

ಈ ಕ್ಷೇತ್ರದ ಬಹು ಚರ್ಚಿತ ಅಂಶವಾದ ಎನ್‌ಎಫ್-ಕಪ್ಪಾಬಿ ಪತ್ತೆಯಾದದ್ದು 1986ರಲ್ಲಿ, ಅಮೆರಿಕದಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ರಂಜನ್ ಸೆನ್ ಅವರ ಕೈಯಲ್ಲಿ. ಬಿ ಕೋಶಗಳು ಪ್ರತಿಕಾಯದ ಒಂದು ಭಾಗವಾದ ಕಪ್ಪಾ ಸರಪಳಿಯನ್ನು ತಯಾರಿಸುವಾಗ ಅದರ ವಂಶವಾಹಿಯನ್ನು ಎಬ್ಬಿಸುವವರು ಯಾರು ಎಂಬುದು ಅವರ ಮುಂದಿದ್ದ ಪ್ರಶ್ನೆ. ಅದಕ್ಕೆ ಬಳಸಿದ ವಿಧಾನ ಸರಳವೂ ಸುಂದರವೂ ಆದದ್ದು: ಆ ವಂಶವಾಹಿಯ ಬಳಿಯ ಡಿಎನ್‌ಎ ತುಣುಕಿಗೆ ವಿಕಿರಣಶೀಲ ಗುರುತು ಹಚ್ಚಿ, ಕೋಶಕೇಂದ್ರದಿಂದ ಹಿಂಡಿ ತೆಗೆದ ಪ್ರೋಟೀನ್‌ಗಳೊಂದಿಗೆ ಬೆರೆಸಿ, ಜೆಲ್‌ನ ತೆಳು ಹಾಳೆಯೊಂದರ ಮೇಲೆ ವಿದ್ಯುತ್ ಹರಿಸಿ ಓಡಿಸಿದಾಗ, ಬರಿಯ ಡಿಎನ್‌ಎ ಸರಸರನೆ ಕೆಳಗಿಳಿಯುತ್ತದೆ, ಪ್ರೋಟೀನ್ ಅಂಟಿಕೊಂಡ ಡಿಎನ್‌ಎ ಭಾರಕ್ಕೆ ಹಿಂದೆ ಉಳಿಯುತ್ತದೆ. ಎಕ್ಸ್‌ರೇ ಫಿಲ್ಮ್ ಮೇಲೆ ಹಿಂದುಳಿದ ಆ ಕಪ್ಪು ಪಟ್ಟಿ ಬಿ ಕೋಶಗಳ ಮಾದರಿಯಲ್ಲಿ ಕಂಡಿತು, ಇತರ ಕೋಶಗಳಲ್ಲಿ ಕಾಣಲಿಲ್ಲ. ಆದರೆ ಅದೇ ವರ್ಷದ ಇನ್ನೊಂದು ಪ್ರಯೋಗ ಕಥೆಯನ್ನೇ ಬದಲಿಸಿತು. ಬ್ಯಾಕ್ಟೀರಿಯಾದ ಹೊರಪೊರೆಯ ವಸ್ತುವನ್ನು ಸೇರಿಸಿದಾಗ, ಅಲ್ಲಿಯವರೆಗೆ ಪಟ್ಟಿ ತೋರದಿದ್ದ ಕೋಶಗಳಲ್ಲೂ ಅದು ಮೂಡಿತು; ಹೊಸ ಪ್ರೋಟೀನ್ ತಯಾರಾಗದಂತೆ ಔಷಧದಿಂದ ತಡೆದಾಗಲೂ ಮೂಡಿತು. ಅಂದರೆ ಆ ಅಂಶ ಮೊದಲೇ ಕೋಶದಲ್ಲಿತ್ತು, ಯಾವುದೋ ತಡೆಯಲ್ಲಿ ಕಟ್ಟಿಹಾಕಲ್ಪಟ್ಟಿತ್ತು.

ಆ ತಡೆಯ ಹೆಸರು ಐಕಪ್ಪಾಬಿ. ಇದು ಎನ್‌ಎಫ್-ಕಪ್ಪಾಬಿಯನ್ನು ಕೋಶಕೇಂದ್ರದ ಹೊರಗಿನ ಕೋಶರಸದಲ್ಲಿ ಹಿಡಿದಿಡುತ್ತದೆಂದು 1988ರಲ್ಲಿ ಬಾಲ್ಟಿಮೋರ್ ಮತ್ತು ಪ್ಯಾಟ್ರಿಕ್ ಬಾಯರ್ಲೆ ತೋರಿಸಿದರು. ಸೋಂಕಿನ ಸುಳಿವು ಕೋಶದ ಮೇಲ್ಮೈಗೆ ತಾಗಿದೊಡನೆ ಕಿಣ್ವವೊಂದು ಐಕಪ್ಪಾಬಿಗೆ ಫಾಸ್ಫೇಟ್ ಗುಂಪುಗಳನ್ನು ಜೋಡಿಸುತ್ತದೆ, ಹಾಗೆ ಗುರುತು ಬಿದ್ದ ಐಕಪ್ಪಾಬಿ ಕೋಶದ ವಿಲೇವಾರಿ ಯಂತ್ರದಲ್ಲಿ ಚೂರಾಗುತ್ತದೆ, ಬಿಡುಗಡೆಯಾದ ಎನ್‌ಎಫ್-ಕಪ್ಪಾಬಿ ಕೋಶಕೇಂದ್ರವನ್ನು ಹೊಕ್ಕು ಉರಿಯೂತದ ಸಂದೇಶವಾಹಕಗಳಾದ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದವುಗಳ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಇಡೀ ವ್ಯವಸ್ಥೆಯ ಜಾಣ್ಮೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ: ಎನ್‌ಎಫ್-ಕಪ್ಪಾಬಿ ಎಬ್ಬಿಸುವ ವಂಶವಾಹಿಗಳಲ್ಲಿ ಐಕಪ್ಪಾಬಿಯದೂ ಒಂದು. ತಾನು ತೆರೆದ ಬಾಗಿಲನ್ನು ಮುಚ್ಚುವವನಿಗೆ ತಾನೇ ಹೇಳಿಕಳಿಸಿದಂತೆ, ಹೊಸದಾಗಿ ತಯಾರಾದ ಐಕಪ್ಪಾಬಿ ಕೋಶಕೇಂದ್ರಕ್ಕೆ ಬಂದು ಎನ್‌ಎಫ್-ಕಪ್ಪಾಬಿಯನ್ನು ಡಿಎನ್‌ಎಯಿಂದ ಬಿಡಿಸಿ ಹೊರಗೆ ಒಯ್ಯುತ್ತದೆ. ಪ್ರಚೋದನೆ ಮುಂದುವರಿದರೆ ಈ ಒಳಬರುವಿಕೆ ಮತ್ತು ಹೊರಹೋಗುವಿಕೆ ಸುಮಾರು ನೂರು ನಿಮಿಷಗಳ ಆವರ್ತನದಲ್ಲಿ ಮರುಕಳಿಸುವುದನ್ನು ಸೂಕ್ಷ್ಮದರ್ಶಕದಡಿ ಜೀವಂತ ಕೋಶಗಳಲ್ಲೇ ನೋಡಲಾಗಿದೆ.

ಎನ್‌ಎಫ್-ಕಪ್ಪಾಬಿ ಕೋಶದ ಹೊತ್ತನ್ನು ನಿರ್ಧರಿಸಿದರೆ, ಇನ್ನು ಕೆಲವು ಅಂಶಗಳು ಕೋಶದ ಕುಲವನ್ನೇ ನಿರ್ಧರಿಸುತ್ತವೆ. ಸಹಾಯಕ ಟಿ ಕೋಶದಲ್ಲಿ ಟಿ-ಬೆಟ್ ಮೇಲುಗೈ ಪಡೆದರೆ ಅದು ಇಂಟರ್‌ಫೆರಾನ್ ಗಾಮಾ ಸ್ರವಿಸಿ, ಕ್ಷಯದಂತಹ ರೋಗಗಳ ರೋಗಾಣುಗಳನ್ನು ಕೊಲ್ಲುವಂತೆ ಭಕ್ಷಕ ಕೋಶಗಳನ್ನು ಹುರಿದುಂಬಿಸುತ್ತದೆ. ಗಾಟಾ3 ಮೇಲುಗೈ ಪಡೆದರೆ ಕರುಳಿನ ಹುಳುಗಳ ವಿರುದ್ಧದ ದಾರಿ ಹಿಡಿಯುತ್ತದೆ, ಅಲರ್ಜಿ ಮತ್ತು ಉಬ್ಬಸಕ್ಕೂ ಕಾರಣವಾಗುತ್ತದೆ.

ಕುಲ ನಿರ್ಧರಿಸುವ ಅಂಶಗಳಲ್ಲಿ ಫಾಕ್ಸ್‌ಪಿ3ಯಷ್ಟು ವಿಸ್ತಾರವಾಗಿ ಹೇಳಬೇಕಾದದ್ದು ಬೇರೊಂದಿಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ, ಚರ್ಮ ಹೊಪ್ಪಳಿಸಿ ಗುಲ್ಮ ಮತ್ತು ದುಗ್ಧಗ್ರಂಥಿಗಳು ಊದಿಕೊಂಡು, ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುವ ಗಂಡು ಇಲಿಮರಿಗಳು ಕಾಣಿಸಿಕೊಂಡವು. ಗಂಡುಗಳಲ್ಲಷ್ಟೇ ಕಂಡಿದ್ದರಿಂದ ದೋಷ ಎಕ್ಸ್ ವರ್ಣತಂತುವಿನಲ್ಲಿದೆ ಎಂಬುದು ತಿಳಿಯಿತಾದರೂ, ಅದರ ನಿಖರ ನೆಲೆ ಗೊತ್ತಾಗಲು ಅರ್ಧ ಶತಮಾನವೇ ಹಿಡಿಯಿತು. ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ತಮ್ಮ ತಂಡದೊಂದಿಗೆ ಹುಡುಕಾಟವನ್ನು ಸುಮಾರು ಐದು ಲಕ್ಷ ಅಕ್ಷರಗಳ ಪ್ರದೇಶಕ್ಕೆ ಇಳಿಸಿ, ಅಲ್ಲಿದ್ದ 20 ವಂಶವಾಹಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದಾಗ, ದೋಷ ಸಿಕ್ಕಿದ್ದು ಕಟ್ಟಕಡೆಯದಾದ ಫಾಕ್ಸ್‌ಪಿ3ಯಲ್ಲಿ. ಎರಡೇ ಎರಡು ಅಕ್ಷರಗಳು ಹೆಚ್ಚಾಗಿ ಸೇರಿ, ಓದುವ ಸಾಲು ಜರುಗಿ, ಡಿಎನ್‌ಎಯನ್ನು ಹಿಡಿಯುವ ಭಾಗವೇ ಇಲ್ಲದ ಮೊಟಕು ಪ್ರೋಟೀನ್ ತಯಾರಾಗುತ್ತಿತ್ತು. ಗಂಡು ಶಿಶುಗಳನ್ನು ಕಾಡುವ ಐಪೆಕ್ಸ್ ಎಂಬ ಮಾರಕ ಸ್ವಯಂನಿರೋಧಕ ಕಾಯಿಲೆಗೂ ಇದೇ ವಂಶವಾಹಿಯ ದೋಷ ಮೂಲವೆಂಬುದು 2001ರಲ್ಲಿ ಖಚಿತವಾಯಿತು. ಇತರ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳನ್ನು 1995ರಲ್ಲೇ ಗುರುತಿಸಿದ್ದ ಜಪಾನಿನ ಶಿಮೋನ್ ಸಕಾಗುಚಿ, ಸಾಮಾನ್ಯ ಟಿ ಕೋಶಕ್ಕೆ ಫಾಕ್ಸ್‌ಪಿ3 ಸೇರಿಸಿದರೆ ಅದೂ ನಿಯಂತ್ರಕವಾಗುತ್ತದೆಂದು 2003ರಲ್ಲಿ ತೋರಿಸಿದರು. ಈ ಮೂವರಿಗೆ 2025ರ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿದೆ.

ಫಾಕ್ಸ್‌ಪಿ3 ಈ ನಿಯಂತ್ರಣವನ್ನು ಹೇಗೆ ಸಾಧಿಸುತ್ತದೆ ಎಂಬುದಕ್ಕೆ ಸಿಕ್ಕ ಉತ್ತರಗಳಲ್ಲೊಂದು ಎನ್‌ಫ್ಯಾಟ್ ಎಂಬ ಅಂಶದ ಮೂಲಕ ಹಾಯುತ್ತದೆ. ಸಾಮಾನ್ಯ ಟಿ ಕೋಶ ಶತ್ರುವನ್ನು ಗುರುತಿಸಿದಾಗ ಒಳಗಿನ ಕ್ಯಾಲ್ಸಿಯಂ ಮಟ್ಟ ಏರಿ, ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎನ್‌ಫ್ಯಾಟ್‌ನ ಫಾಸ್ಫೇಟ್‌ಗಳನ್ನು ಕಳಚುತ್ತದೆ. ಕೋಶಕೇಂದ್ರ ಸೇರಿದ ಎನ್‌ಫ್ಯಾಟ್, ಎಪಿ-1 ಎಂಬ ಜೊತೆಗಾರನೊಂದಿಗೆ ಡಿಎನ್‌ಎಯ ಮೇಲೆ ಒತ್ತಾಗಿ ಕೂತು, ಟಿ ಕೋಶಗಳನ್ನು ವೃದ್ಧಿಸುವ ಇಂಟರ್‌ಲ್ಯೂಕಿನ್-2ರ ತಯಾರಿಕೆಗೆ ಚಾಲನೆ ಕೊಡುತ್ತದೆ. ನಿಯಂತ್ರಕ ಕೋಶದಲ್ಲಿ ಎಪಿ-1ರ ಬದಲಿಗೆ ಫಾಕ್ಸ್‌ಪಿ3 ಎನ್‌ಫ್ಯಾಟ್‌ನ ಜೊತೆಗೂಡಿದಾಗ ಅದೇ ಇಂಟರ್‌ಲ್ಯೂಕಿನ್-2ರ ತಯಾರಿಕೆ ನಿಲ್ಲುತ್ತದೆ, ಅದನ್ನು ಹೀರಿಕೊಳ್ಳುವ ಗ್ರಾಹಕದ ತಯಾರಿಕೆ ಹೆಚ್ಚುತ್ತದೆ. ಭಾರತ ಮೂಲದ ಅಂಜನಾ ರಾವ್ ಮತ್ತು ಸಂಗಡಿಗರು 2006ರಲ್ಲಿ ಈ ಜೊತೆಗಾರಿಕೆಗೆ ಬೇಕಾದ ಭಾಗವನ್ನು ಬದಲಿಸಿ ನೋಡಿದಾಗ ಫಾಕ್ಸ್‌ಪಿ3ಯ ನಿಗ್ರಹ ಶಕ್ತಿ ಕುಗ್ಗಿತು. ಇದೊಂದೇ ದಾರಿಯಲ್ಲ, ಫಾಕ್ಸ್‌ಪಿ3ಗೆ ಬೇರೆ ಜೊತೆಗಾರರೂ ಇದ್ದಾರೆ. ಆದರೂ ಒಂದೇ ಅಂಶದಿಂದ ಎರಡು ವಿರುದ್ಧ ಫಲ ಹೊಮ್ಮುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕಡಿಮೆ.

ಈ ತಿಳಿವಳಿಕೆಗೂ ಔಷಧದ ಅಂಗಡಿಗೂ ನೇರ ಸಂಬಂಧವಿದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ನಿತ್ಯ ನುಂಗುವ ಟ್ಯಾಕ್ರೊಲಿಮಸ್ ಕ್ಯಾಲ್ಸಿನ್ಯೂರಿನ್ ಅನ್ನು ತಡೆದು ಎನ್‌ಫ್ಯಾಟ್ ಕೋಶಕೇಂದ್ರ ಸೇರದಂತೆ ನೋಡಿಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸೇರಿಕೊಳ್ಳುವ ಗ್ರಾಹಕವು ಸ್ವತಃ ಒಂದು ಪ್ರತಿಲೇಖನ ಅಂಶವಾಗಿದ್ದು, ಎನ್‌ಎಫ್-ಕಪ್ಪಾಬಿಯ ಪ್ರಭಾವವನ್ನು ತಗ್ಗಿಸುತ್ತದೆ. ಇಂತಹ ಔಷಧಗಳ ಕಷ್ಟವೆಂದರೆ ಅವು ಬೇಕಾದ ಕೋಶ ಬೇಡದ ಕೋಶ ಎನ್ನದೆ ಎಲ್ಲೆಡೆ ಕೆಲಸ ಮಾಡುತ್ತವೆ. 2021ರಲ್ಲಿ ಭಾರತವನ್ನು ಕಂಗೆಡಿಸಿದ ಕಪ್ಪು ಶಿಲೀಂಧ್ರದ ಹಾವಳಿಗೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೊಂದಿಗೆ ಸ್ಟೀರಾಯ್ಡ್‌ನ ಅತಿಬಳಕೆಯೂ ಕಾರಣವಾಯಿತು. ಆದ್ದರಿಂದಲೇ ಔಷಧವನ್ನು ಇಡೀ ದೇಹಕ್ಕೆ ಹರಿಸುವ ಬದಲು ಬೇಕಾದ ಅಂಶವನ್ನು ಬೇಕಾದ ಕೋಶಕ್ಕೇ ಮುಟ್ಟಿಸುವ ಪ್ರಯತ್ನಗಳು ನಡೆದಿವೆ. ಐಪೆಕ್ಸ್ ರೋಗಿಯದೇ ಟಿ ಕೋಶಗಳನ್ನು ರಕ್ತದಿಂದ ಬೇರ್ಪಡಿಸಿ, ರೋಗ ತರದಂತೆ ಮಾರ್ಪಡಿಸಿದ ವೈರಸ್‌ನ ಮೂಲಕ ಸರಿಯಾದ ಫಾಕ್ಸ್‌ಪಿ3 ವಂಶವಾಹಿಯನ್ನು ಅವುಗಳೊಳಗೆ ಸೇರಿಸಿ, ಮತ್ತೆ ದೇಹಕ್ಕೆ ಮರಳಿಸುವ ಚಿಕಿತ್ಸೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾನವ ಪ್ರಯೋಗದ ಹಂತಕ್ಕೆ ಬಂದಿದೆ.