ದಿಕ್ಕನ್ನಷ್ಟೇ ಬಲ್ಲ ಸಂದೇಶ

ಮೈಸೂರು–ನಂಜನಗೂಡು ಹೆದ್ದಾರಿಯ ತಾಂಡವಪುರದಲ್ಲಿ ಗುಂಡ್ಲುಪೇಟೆಯ ಬಸ್ಸು ನಿಂತೊಡನೆ, ರೈತರೊಬ್ಬರು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಪಂಪಿನ ಬೇರಿಂಗೊಂದನ್ನು ಕಂಡಕ್ಟರರ ಕೈಗಿತ್ತು, “ನಂಜನಗೂಡಲ್ಲಿ ನಮ್ ಹೈದ ನಿಂತವ್ನೆ, ಕೊಟ್ಬುಡಿ ಸಾ” ಎಂದುದನ್ನೂ, ಹೈದನ ಹೆಸರನ್ನಾಗಲಿ ಗುರುತನ್ನಾಗಲಿ ವಿಚಾರಿಸದೆ ಆ ಮಹಾಶಯರು ಅದನ್ನು ಸೀಟಿನ ಕೆಳಗೆ ತಳ್ಳಿ ಸೀಟಿ ಊದಿದುದನ್ನೂ ಕಂಡಂದಿನಿಂದ, ಗೋಪುರವೂ ನಿಯಂತ್ರಣ ಕೇಂದ್ರವೂ ಇಲ್ಲದ ಸಂಚಾರಿ ನಿಸ್ತಂತು ಜಾಲಗಳನ್ನು ಕುರಿತು ನಾನು ಓದಿದುದೆಲ್ಲವೂ ಕಣ್ಣಿಗೆ ಕಟ್ಟತೊಡಗಿದೆ.

ಇಂತಹ ಜಾಲದಲ್ಲಿ ಯಂತ್ರಗಳೇ ಸದಾ ಸ್ಥಾನ ಬದಲಿಸುತ್ತಿರುವುದರಿಂದ, ಇಡೀ ದಾರಿಯನ್ನು ಬರೆದಿಟ್ಟುಕೊಂಡರೆ ಮರುಗಳಿಗೆಯಲ್ಲಿ ಅದು ಸುಳ್ಳಾಗುತ್ತದೆ. ಬ್ರ್ಯಾಡ್ ಕಾರ್ಪ್ ಮತ್ತು ಎಚ್. ಟಿ. ಕುಂಗ್ 2000ದಲ್ಲಿ ಪ್ರಕಟಿಸಿದ ‘ಜಿಪಿಎಸ್‌ಆರ್’ ವಿಧಾನದಲ್ಲಾದರೋ, ಪ್ರತಿ ಯಂತ್ರವೂ ತನ್ನ ಮತ್ತು ನೆರೆಯ ಯಂತ್ರಗಳ ನೆಲೆಯನ್ನಷ್ಟೇ ಅರಿತು, ಗಮ್ಯಕ್ಕೆ ಅತಿಸಮೀಪವಾದ ನೆರೆಗೆ ಸಂದೇಶವನ್ನು ದಾಟಿಸಿ ನಿಶ್ಚಿಂತವಾಗುತ್ತದೆ.

ಆದರೆ ನಂಜನಗೂಡಿನ ಮುಂದೆ ಕಪಿಲೆ ಅಡ್ಡಲಾಗಿರುವಂತೆ, ಒಂದು ಯಂತ್ರವೂ ಇಲ್ಲದ ಶೂನ್ಯಪ್ರದೇಶ ಎದುರಾದರೆ? ನನಗೆ ಅತ್ಯಂತ ಪ್ರಿಯವಾದ ಭಾಗವೇ ಇದು. ಶ್ರೀಕಂಠೇಶ್ವರನ ಗರ್ಭಗುಡಿಯನ್ನು ಬಲಕ್ಕಿಟ್ಟುಕೊಂಡು ಭಕ್ತರು ಪ್ರದಕ್ಷಿಣೆ ಬರುವಂತೆಯೇ, ಸಂದೇಶವು ಆ ಶೂನ್ಯವನ್ನು ಬಲಕ್ಕಿಟ್ಟುಕೊಂಡು ಅಂಚಿನ ಯಂತ್ರಗಳ ಮೂಲಕ ಸುತ್ತತೊಡಗುತ್ತದೆ; ಸುತ್ತು ಆರಂಭಿಸಿದ ಸ್ಥಳಕ್ಕಿಂತ ಗಮ್ಯಕ್ಕೆ ಹತ್ತಿರವಾದ ಯಂತ್ರವೊಂದು ದೊರೆತ ಕ್ಷಣವೇ ಪ್ರದಕ್ಷಿಣೆಯನ್ನು ಅರ್ಧಕ್ಕೆ ಬಿಟ್ಟು ನೇರ ಹೊರಡುತ್ತದೆ. ಸುತ್ತು ಪೂರ್ಣವಾದರೆ ಮಾತ್ರ ಅನರ್ಥ: ಗಮ್ಯವು ಅಪ್ರಾಪ್ಯವೆಂದು ತಿಳಿದು ಸಂದೇಶವನ್ನು ವಿಸರ್ಜಿಸಲಾಗುತ್ತದೆ. ಆಸ್ತಿಕರು ಕ್ಷಮಿಸಬೇಕು.

ಗಮ್ಯವು ಈಗ ಎಲ್ಲಿದೆಯೆಂದು ಸಂದೇಶಕ್ಕೆ ತಿಳಿಸುವವರಾರೆಂಬ ಪ್ರಶ್ನೆಯನ್ನು ಮಾತ್ರ ಈ ವಿದ್ವಾಂಸರು ಬೇರೊಂದು ವ್ಯವಸ್ಥೆಯ ತಲೆಗೆ ಕಟ್ಟಿದ್ದಾರೆ. ಕಷ್ಟವಾದ ಕೆಲಸವನ್ನು ಪಕ್ಕದ ಮನೆಯವರಿಗೆ ಬಿಟ್ಟ ಈ ಜಾಣತನ ನನಗೆ ಅಷ್ಟಾಗಿ ಹಿಡಿಸದು.

ನಮ್ಮ ನಾಡಿನಲ್ಲೇ ದೊಡ್ಡಬಳ್ಳಾಪುರದಲ್ಲಿ ನಡೆದ ‘ಡಾಕ್‌ನೆಟ್’ ಪ್ರಯೋಗಕ್ಕೆ ಆ ತೊಡಕಿರಲಿಲ್ಲ, ಹಳ್ಳಿಗಳು ನಿಂತಲ್ಲೇ ನಿಂತಿರುತ್ತವಷ್ಟೆ. ಪೆಂಟ್‌ಲ್ಯಾಂಡ್, ಫ್ಲೆಚರ್, ಹ್ಯಾಸನ್ ಅವರ 2004ರ ವರದಿಯಂತೆ, ವೈ-ಫೈ ಯಂತ್ರವನ್ನು ಹೊತ್ತ ಸರ್ಕಾರಿ ಬಸ್ಸೊಂದು ದಿನಕ್ಕೆ ಮೂರು ಸಲ ಹೋಗಿಬರುತ್ತ, ‘ಭೂಮಿ’ ಯೋಜನೆಯ ಪಹಣಿಗಾಗಿ ಹಳ್ಳಿಗರು ಕೊಟ್ಟ ಕೋರಿಕೆಗಳನ್ನು ತಾಲ್ಲೂಕು ಕೇಂದ್ರಕ್ಕೆ ಒಯ್ದು, ಸಿದ್ಧವಾದ ದಾಖಲೆಗಳನ್ನು ಮರಳಿ ತರುತ್ತಿದ್ದಿತು. ಹಳ್ಳಿಯ ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿಯೊಂದರ ಮುದ್ರಿತ ಪ್ರತಿ ದೊರೆಯುತ್ತಿದ್ದಿತು. ಬಸ್ಸಿಗೂ ಹಳ್ಳಿಯ ಕೇಂದ್ರಕ್ಕೂ ಪ್ರತಿ ಸಲ ಸಂಪರ್ಕವಿರುತ್ತಿದ್ದುದು ಸರಾಸರಿ 2 ನಿಮಿಷ 34 ಸೆಕೆಂಡು. ಅಷ್ಟರೊಳಗೆ ಒಂದು ದಿಕ್ಕಿಗೆ ಸುಮಾರು 20.9 ಮೆಗಾಬೈಟ್ ಸಾಗುತ್ತಿತ್ತೆಂದರೆ, ಚಾಲಕರು ತುಸು ಅವಸರ ಮಾಡಿದರೂ ಪಹಣಿಗಳಿಗೆ ಸಮಯ ಸಾಲುತ್ತಿದ್ದಿರಬೇಕು.