ಓಡುತ್ತಿರುವ ಕರ್ನಲ್‌ನೊಳಗೊಂದು ಇಣುಕುಕಿಂಡಿ

ಜಾಲದ ಮೂಲಕ ಸಂಪರ್ಕ ಬಯಸುವ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಒದಗಿಸುವ ಕೊಂಡಿಯನ್ನು ಸಾಕೆಟ್ ಎನ್ನುತ್ತಾರೆ. 1983ರ 4.2 ಬಿಎಸ್‌ಡಿ ಯುನಿಕ್ಸ್‌ನೊಂದಿಗೆ ಬಂದ ಈ ಏರ್ಪಾಟು ಇಂದು ಮನೆಮನೆಯ ಆಂಡ್ರಾಯ್ಡ್ ಫೋನಿನಲ್ಲೂ ದುಡಿಯುತ್ತಿದೆ. ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕು, ಬಂದ ದತ್ತಾಂಶಕ್ಕೆ ಎಷ್ಟು ಜಾಗ ಕಾದಿಡಬೇಕು ಎಂಬಂಥ ಸೂಚನೆಗಳೇ ಸಾಕೆಟ್ ಆಯ್ಕೆಗಳು. ಅವನ್ನು ‘ಸೆಟ್‌ಸಾಕ್‌ಆಪ್ಟ್’ ಎಂಬ ಕರೆಯ ಮೂಲಕ ಒಪ್ಪಿಸುವಾಗ ಆಯ್ಕೆ ಯಾವುದು, ಅದರ ಮೌಲ್ಯ ಸ್ಮೃತಿಯಲ್ಲಿ ಎಲ್ಲಿದೆ, ಅದರ ಉದ್ದವೆಷ್ಟು ಎಂಬುದನ್ನು ತಂತ್ರಾಂಶವೇ ತಿಳಿಸುತ್ತದೆ.

ಅಪಾಯವಿರುವುದು ಈ ಉದ್ದದ ಲೆಕ್ಕದಲ್ಲಿ. ಲಿನಕ್ಸ್‌ನಲ್ಲಿ ದತ್ತಾಂಶದ ಪೊಟ್ಟಣಗಳನ್ನು ಸೋಸುವ ನೆಟ್‌ಫಿಲ್ಟರ್ ಭಾಗವು, 32 ಬಿಟ್ ತಂತ್ರಾಂಶ ಕೊಟ್ಟ ಆಯ್ಕೆಯನ್ನು 64 ಬಿಟ್ ಅಳತೆಗೆ ಹೊಂದಿಸುವಾಗ, ಮೀಸಲು ಜಾಗದ ಗಡಿ ದಾಟಿ ಕೆಲವೇ ಸೊನ್ನೆಗಳನ್ನು ಬರೆಯುತ್ತಿತ್ತು. ಸುಮಾರು 15 ವರ್ಷ ಅಡಗಿದ್ದ ಆ ಸೊನ್ನೆಗಳಿಂದಲೇ ಇಡೀ ಯಂತ್ರದ ಅಧಿಕಾರವನ್ನು ವಶಪಡಿಸಿಕೊಳ್ಳಬಹುದೆಂದು 2021ರಲ್ಲಿ ಸುರಕ್ಷತಾ ಸಂಶೋಧಕ ಆಂಡಿ ನುಯೆನ್ ತೋರಿಸಿದರು. ಎಲ್ಲ ಅಚ್ಚರಿಯೂ ದೋಷವಲ್ಲ: ಸ್ವೀಕಾರದ ಜಾಗ ಇಷ್ಟಿರಲೆಂದು ಕೇಳಿದರೆ, ಒಳಲೆಕ್ಕಕ್ಕೂ ಸ್ಥಳ ಬೇಕೆಂದು ಲಿನಕ್ಸ್ ಅದನ್ನು ದುಪ್ಪಟ್ಟುಗೊಳಿಸುತ್ತದೆ.

ದೋಷ ಯಾವುದು, ವಿನ್ಯಾಸ ಯಾವುದು ಎಂದು ಬಿಡಿಸಿ ನೋಡಲು ಕರ್ನಲ್ಲನ್ನು ನಿಲ್ಲಿಸುವಂತಿಲ್ಲ, ಏಕೆಂದರೆ ಅದು ನಿಂತರೆ ಯಂತ್ರವೇ ನಿಲ್ಲುತ್ತದೆ. ಈ ತೊಡಕಿಗೆ ದೊರೆತ ಬಹು ಸೊಗಸಾದ ಪರಿಹಾರ, ಐಬಿಎಂನ ಬೆಂಗಳೂರು ಲಿನಕ್ಸ್ ತಂಡದಲ್ಲಿ ರೂಪುಗೊಂಡ ‘ಕೆಪ್ರೋಬ್ಸ್’. 2002ರಲ್ಲಿ ವಂಶಿ ಕೃಷ್ಣ ಎಸ್. ಅದರ ಮೊದಲ ರೂಪವನ್ನು ಬರೆದರು. 2004ರಲ್ಲಿ ಪ್ರಸನ್ನ ಎಸ್. ಪಂಚಮುಖಿ ಅದನ್ನು ಪರಿಷ್ಕರಿಸಿದರೆ, ಸುಪರ್ಣಾ ಭಟ್ಟಾಚಾರ್ಯ ಅವರು ಕಾರ್ಯವೊಂದಕ್ಕೆ ಬಂದ ಮೌಲ್ಯಗಳನ್ನು ಓದುವ ಸೌಲಭ್ಯವನ್ನು ಸೇರಿಸಿದರು. ಅದೇ ವರ್ಷ ಅದು ಲಿನಕ್ಸ್ 2.6.9ರ ಭಾಗವಾಯಿತು.

ಗಮನಿಸಬೇಕಾದ ಆದೇಶದ ನಕಲನ್ನು ತೆಗೆದಿಟ್ಟುಕೊಂಡು, ಇಂಟೆಲ್ ಮಾದರಿಯ ಸಂಸ್ಕಾರಕಗಳಲ್ಲಿ ಅದರ ಮೊದಲ ಬೈಟಿನ ಜಾಗಕ್ಕೆ ‘ತಡೆ’ ಎಂಬರ್ಥದ ಬೈಟನ್ನು ಇಡುವುದು ಇದರ ಮೂಲ ಉಪಾಯ. ಸಂಸ್ಕಾರಕ ಅಲ್ಲಿಗೆ ಬಂದು ತಡೆದಾಗ ಪರೀಕ್ಷಕರ ಪುಟ್ಟ ಕಾರ್ಯಕ್ರಮ ಓಡಿ ಮೌಲ್ಯಗಳನ್ನು ದಾಖಲಿಸುತ್ತದೆ, ಬಳಿಕ ನಕಲು ಆದೇಶ ನೆರವೇರಿ ಕರ್ನಲ್ ತನ್ನ ಹಾದಿ ಹಿಡಿಯುತ್ತದೆ. ಉದಾಹರಣೆಗೆ, ನಾಲ್ಕು ಬೈಟಿನ ಪೂರ್ಣಾಂಕ ಬೇಕಾದಲ್ಲಿ ತಂತ್ರಾಂಶ ಒಂದೇ ಬೈಟು ಕೊಟ್ಟರೆ ‘ಸೆಟ್‌ಸಾಕ್‌ಆಪ್ಟ್’ ಕರೆ 22 ಎಂಬ ದೋಷಸಂಖ್ಯೆಯೊಂದಿಗೆ ಮರಳುತ್ತದೆ. ಆದರೆ ಅದೇ 22 ಹತ್ತಾರು ಬೇರೆ ಕಾರಣಗಳಿಗೂ ಬರುವುದರಿಂದ, ಪ್ರವೇಶದಲ್ಲೊಂದು, 2005ರಲ್ಲಿ ಸೇರಿದ ಸೌಲಭ್ಯದಂತೆ ನಿರ್ಗಮನದಲ್ಲೊಂದು ಕಿಂಡಿಯಿಟ್ಟು ನೋಡಿದವರಿಗೆ ಒಳಬಂದ ಉದ್ದ ಒಂದೇ ಬೈಟು ಆಗಿತ್ತೆಂಬುದು ಕಾಣುತ್ತದೆ.